ಬಾಲಕ್ಕೂ ಬೆಲೆ ಕೊಟ್ಟ ಊರು

ಹಂಪಿಯ ಮಹಾನವಮಿ ದಿಬ್ಬದ ಗೋಡೆಯಲ್ಲಿ ಕುದುರೆ ಹಿಡಿದುಕೊಂಡು ಬರುವ ಮನುಷ್ಯರ ಉಬ್ಬುಚಿತ್ರಗಳಿವೆ. ಅವರ ಟೊಪ್ಪಿಗೆ, ಗಡ್ಡ, ಅಂಗಿ ಯಾವುದೂ ನಮ್ಮ ಕಡೆಯದಲ್ಲ. ಕುದುರೆಯ ಜೊತೆ ಪರದೇಶದಿಂದ ಬಂದವರು ಅವರು. ಹೊಸಪೇಟೆಯಲ್ಲಿ ಮೋಡೆಮ್, ರೂಟರ್ ಕೂರಿಸುವ, ರಿಪೇರಿ ಮಾಡುವ ಅಂಗಡಿ ಇಟ್ಟು ನನಗೆ ಇಪ್ಪತ್ತು ವರ್ಷದ ಮೇಲಾಯಿತು. ಊರಿಗೆ ಬಂದ ನೆಂಟರನ್ನು ಹಂಪಿಗೆ ಕರೆದೊಯ್ದರೆ ಅವರಿಗೆ ಕಲ್ಲಿನ ರಥ ನೋಡುವ ಅವಸರ. ನಾನು ಮಾತ್ರ ಈ ಗೋಡೆಯ ಮುಂದೆ ನಿಂತುಬಿಡುತ್ತೇನೆ. ಇವರೂ ನನ್ನ ಕಸುಬಿನವರೇ ಅನ್ನಿಸುತ್ತದೆ.

ಈಚೆಗೆ ಅಂಗಡಿಗೆ ಬಂದವರೆಲ್ಲ ಕೇಳುವುದು ಒಂದೇ. "ಅಣ್ಣಾ, ಈ ಚೀನಾ ಡಬ್ಬಿ ಬಂದ್ ಮಾಡ್ತಾರಂತಲ್ಲ, ಖರೇನ? ಮನ್ಯಾಗ ಇಟ್ಕಂಡ್ರ ನಮ್ದೆಲ್ಲಾ ಅವ್ರಿಗೆ ಗೊತ್ತಾಗ್ತೈತೇನು?" ಟಿಪಿ-ಲಿಂಕ್ ರೂಟರ್‌ಗಳನ್ನು ನಿಷೇಧಿಸುವ ಬಗ್ಗೆ ಅಮೆರಿಕ ಯೋಚಿಸುತ್ತಿದೆ ಎಂಬ ಸುದ್ದಿ 2024ರ ಡಿಸೆಂಬರ್‌ನಲ್ಲಿ ಬಂದಾಗಿನಿಂದ ಈ ಮಾತು ಶುರುವಾಯಿತು. ಹೌದು ಅಥವಾ ಅಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಕಳಿಸಲು ನನಗೆ ಮನಸ್ಸು ಬರುವುದಿಲ್ಲ. ಯಾಕೆಂದರೆ ಹೊರಗಿನಿಂದ ತಂದ ಸಾಮಾನಿನ ಮೇಲೆ ರಾಜ್ಯದ ಜೀವ ನಿಂತಿರುವ ಸಂಕಟವನ್ನು ಇದೇ ನೆಲ ಇನ್ನೂರು ವರ್ಷಕ್ಕೂ ಮಿಕ್ಕಿ ಕಂಡಿದೆ.

ಆಗಿನ ಸಾಮಾನು ಯುದ್ಧದ ಕುದುರೆ. ನಮ್ಮ ಸೆಕೆಗೆ, ನಮ್ಮ ಮೇವಿಗೆ ಒಳ್ಳೆಯ ಕುದುರೆ ತಳಿ ಏಳುತ್ತಿರಲಿಲ್ಲ. ಅರಬ್ ದೇಶದಿಂದ, ಹಾರ್ಮುಜ್‌ನಿಂದ ಹಡಗಿನಲ್ಲಿ ಭಟ್ಕಳಕ್ಕೋ ಗೋವಾಕ್ಕೋ ಬಂದು, ಘಟ್ಟ ಹತ್ತಿ ವಿಜಯನಗರಕ್ಕೆ ಬರಬೇಕು. ಆ ಪಟ್ಟಣದಲ್ಲಿ 1535ರ ಸುಮಾರಿಗೆ ಮೂರು ವರ್ಷ ಇದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಬರೆದಿಟ್ಟಿದ್ದಾನೆ: ಹಾರ್ಮುಜ್‌ನವೂ ದೇಶಿಯವೂ ಸೇರಿ ಅರಸ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದ. ಅದಕ್ಕೂ ಹಿಂದಿನ ಅರಸ ಸಾಳುವ ನರಸಿಂಹನ ಕಾಲದ್ದು ಇನ್ನೂ ಬೆರಗಿನ ಸಂಗತಿ. ಮೂರು ಕುದುರೆಗೆ ಸಾವಿರ ಪರ್ದಾವ್, ಅಂದರೆ ಸಾವಿರ ವರಾಹ. ಬದುಕಿದ್ದಕ್ಕೂ ಅದೇ ಬೆಲೆ, ಸತ್ತದ್ದಕ್ಕೂ ಅದೇ ಬೆಲೆ. ಕಡಲಲ್ಲಿ ಸತ್ತ ಕುದುರೆಯ ಬಾಲ ಕತ್ತರಿಸಿ ತಂದು ತೋರಿಸಿದರೆ ಸಾಕು, ಖಜಾನೆಯಿಂದ ಹಣ ಎಣಿಸಿ ಕೊಡುತ್ತಿದ್ದರು. ಇದನ್ನು ದಡ್ಡತನ ಅಂದುಕೊಳ್ಳುವ ಹಾಗಿಲ್ಲ. ವ್ಯಾಪಾರಿ ನಷ್ಟವಾಯಿತೆಂದು ಮುನಿದು ಹಡಗನ್ನು ಬಹಮನಿಗಳ ಕಡೆ ತಿರುಗಿಸಿದರೆ ಆಗುವ ನಷ್ಟ ಬಾಲದ ಬೆಲೆಗಿಂತ ದೊಡ್ಡದು ಎಂಬ ಲೆಕ್ಕ ಅದು.

ನಿಷೇಧವನ್ನೂ ಈ ರಾಜ್ಯ ಮಾಡಿ ನೋಡಿತ್ತು, ಅದೂ ಘೋರವಾಗಿ. ಸಂಗಮ ವಂಶದ ಕೊನೆಗಾಲದಲ್ಲಿ, ಶತ್ರುಗಳಿಗೆ ಕುದುರೆ ಮಾರಿದರೆಂಬ ಸಿಟ್ಟಿನಿಂದ ಭಟ್ಕಳದ ಮುಸ್ಲಿಂ ವ್ಯಾಪಾರಿಗಳನ್ನು ಅರಸ ಕೊಲ್ಲಿಸಿದ. ಉಳಿದವರು ಓಡಿಹೋಗಿ ಗೋವಾದಲ್ಲಿ ನೆಲೆ ನಿಂತರು ಎಂದು ಪೋರ್ಚುಗೀಸ್ ಇತಿಹಾಸಕಾರ ಬಾರೋಸ್ ಬರೆಯುತ್ತಾನೆ. ಕುದುರೆಯೂ ಅವರ ಹಿಂದೆಯೇ ಗೋವಾಕ್ಕೆ ಹೋಯಿತು. ಅಷ್ಟು ಜೀವ ತೆಗೆದು ವಿಜಯನಗರ ಗಳಿಸಿದ್ದು ತನ್ನ ಕೈಲಿಲ್ಲದ ಇನ್ನೊಂದು ಬಂದರನ್ನು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಮುಂದೆ 1510ರಲ್ಲಿ ಗೋವಾ ಹಿಡಿದ ಆಲ್ಬುಕರ್ಕ್, ಕುದುರೆಯನ್ನು ನಿಮಗೇ ಕೊಡುತ್ತೇವೆ ಎಂಬ ಆಸೆ ತೋರಿಸಿ ಒಬ್ಬ ಪಾದ್ರಿಯನ್ನು ವಿಜಯನಗರಕ್ಕೆ ಕಳಿಸಿದ. ದೂರದೇಶದ ವ್ಯಾಪಾರಿಗಳನ್ನು ಮರ್ಯಾದೆ ಕೊಟ್ಟು, ಲಾಭ ಕೊಟ್ಟು ಹತ್ತಿರ ಇಟ್ಟುಕೋ, ಆಗ ಅವರ ಸರಕು ಶತ್ರುವಿನ ಕಡೆ ಹೋಗುವುದಿಲ್ಲ ಎಂದು ಕೃಷ್ಣದೇವರಾಯ 'ಆಮುಕ್ತಮಾಲ್ಯದ'ದಲ್ಲಿ ಬರೆದ. 1547ರ ಒಪ್ಪಂದದಲ್ಲಿ ಗೋವಾಕ್ಕೆ ಬರುವ ಕುದುರೆ ವಿಜಯನಗರಕ್ಕೇ ಸೇರಬೇಕು, ಬಿಜಾಪುರಕ್ಕೆ ಹೋಗಕೂಡದು ಎಂದಾಯಿತು.

ಇಷ್ಟೆಲ್ಲದರ ನಡುವೆ ನನ್ನನ್ನು ಹಿಡಿದು ನಿಲ್ಲಿಸುವುದು ಇದಕ್ಕೂ ಹಿಂದಿನ ಒಂದು ಸಣ್ಣ ಮಾತು. 13ನೆಯ ಶತಮಾನದ ಕೊನೆಗೆ ತಮಿಳು ಕರಾವಳಿಗೆ ಬಂದಿದ್ದ ಮಾರ್ಕೊ ಪೋಲೊ ಬರೆಯುತ್ತಾನೆ: ಇಲ್ಲಿ ಪ್ರತಿವರ್ಷ ಸಾವಿರಾರು ಕುದುರೆ ಬರುತ್ತವೆ, ವರ್ಷ ತುಂಬುವುದರೊಳಗೆ ಹೆಚ್ಚಿನವು ಸಾಯುತ್ತವೆ, ಯಾಕೆಂದರೆ ಆರೈಕೆ ಬಲ್ಲವರಿಲ್ಲ. ಕುದುರೆ ಮಾರುವವರು ಲಾಳ ಕಟ್ಟುವವನನ್ನು, ಮದ್ದು ಬಲ್ಲವನನ್ನು ತಾವೂ ಕರೆತರುವುದಿಲ್ಲ, ಹೋಗಲೂ ಬಿಡುವುದಿಲ್ಲ. ಕುದುರೆ ಸತ್ತರೆ ತಾನೆ ಮತ್ತೆ ಮಾರಾಟ!

ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ರಟ್ಟಿನ ಡಬ್ಬಿಗಳ ತುಂಬ ಹೀಗೆ ಆರೈಕೆಯಿಲ್ಲದ ರೂಟರ್‌ಗಳೇ ಬಿದ್ದಿವೆ. ಯಂತ್ರ ಕೆಟ್ಟಿಲ್ಲ, ಲೈಟು ಉರಿಯುತ್ತದೆ. ಆದರೆ ಮಾರಿದ ಕಂಪನಿ ಮೂರು ವರ್ಷಕ್ಕೋ ನಾಲ್ಕು ವರ್ಷಕ್ಕೋ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿದೆ. ಒಳಗೊಂದು ತೂತು ಇದೆ ಎಂದು ಇಡೀ ಲೋಕಕ್ಕೆ ಗೊತ್ತಾದ ಮೇಲೂ ಮುಚ್ಚುವವರಿಲ್ಲ. ಇವುಗಳಲ್ಲಿ ಚೀನಾದವೂ ಇವೆ, ತೈವಾನಿನವೂ ಇವೆ, ಅಮೆರಿಕದ ಹೆಸರಿನವೂ ಇವೆ.

2017ರ ಜುಲೈ ಕೊನೆಯ ವಾರವನ್ನು ನಾನು ಮರೆಯಲಾರೆ. ಆ ವಾರ ಕರ್ನಾಟಕದಲ್ಲಿ ಬಿಎಸ್‌ಎನ್‌ಎಲ್ ಗ್ರಾಹಕರ ಸುಮಾರು 60,000 ಮೋಡೆಮ್‌ಗಳು ಒಂದು ಮಾಲ್‌ವೇರ್ ದಾಳಿಗೆ ಸಿಕ್ಕವು. ಒಳಗೆ ಹೋಗುವ ಹೆಸರು, ಪಾಸ್‌ವರ್ಡ್ ಎರಡೂ ಮೊದಲಿನಂತೆ 'ಅಡ್ಮಿನ್' ಎಂದೇ ಉಳಿದಿದ್ದ ಪೆಟ್ಟಿಗೆಗಳು ಅವು. 'ಬ್ರಿಕರ್‌ಬಾಟ್' ಎಂಬ ಆ ಮಾಲ್‌ವೇರ್ ಕದಿಯುವುದಕ್ಕೆ ಬಂದದ್ದಲ್ಲ, ಯಂತ್ರವನ್ನು ಇಟ್ಟಿಗೆಯ ಹಾಗೆ ನಿಷ್ಪ್ರಯೋಜಕ ಮಾಡಲು ಬಂದದ್ದು. ಭದ್ರತೆಯಿಲ್ಲದ ಯಂತ್ರಗಳು ದುಷ್ಟರ ಕೈಸೇರುವ ಮೊದಲೇ ನಾನು ಕೆಡಿಸುತ್ತೇನೆ ಎಂದು ಅದನ್ನು ಬರೆದವನು ಗುಪ್ತನಾಮದಲ್ಲಿ ಹೇಳಿಕೊಂಡ. ಪಾಸ್‌ವರ್ಡ್ ಬದಲಿಸಿ ಎಂದು ಗ್ರಾಹಕರಿಗೆ ಸೂಚನೆ ಬಂತು.

ಸುದ್ದಿ ಓದಿದವನೇ ನಾನು ನನ್ನ ಹಳೆಯ ನೋಟ್‌ಬುಕ್ ತೆರೆದು ಕೂತೆ. ಕಂಪ್ಲಿಯ ಅಕ್ಕಿ ಗಿರಣಿ, ಹಂಪಿ ಜನತಾ ಪ್ಲಾಟಿನ ಬಾಡಿಗೆ ಕೋಣೆಗಳು, ಸಂಡೂರಿನ ಅದಿರು ಲಾರಿ ಮಾಲೀಕರ ಆಫೀಸು: ಯಾರ ಯಾರ ಮನೆಯಲ್ಲಿ ಯಾವ ಪೆಟ್ಟಿಗೆ ಕೂರಿಸಿದ್ದೆ ಎಂಬುದು ಅದರಲ್ಲಿತ್ತು. ಪಾಸ್‌ವರ್ಡ್‌ನ ಕಾಲಮ್ಮಿನಲ್ಲಿ ಪುಟದ ಮೇಲಿನಿಂದ ಕೆಳಗಿನವರೆಗೆ ನನ್ನದೇ ಅಕ್ಷರದಲ್ಲಿ 'ಅಡ್ಮಿನ್, ಅಡ್ಮಿನ್, ಅಡ್ಮಿನ್'. ವೈಫೈ ಪಾಸ್‌ವರ್ಡ್ ಎಲ್ಲರಿಗೂ ಬದಲಿಸಿ ಕೊಟ್ಟಿದ್ದೆ. ಪೆಟ್ಟಿಗೆಯ ಸ್ವಂತ ಬೀಗವನ್ನು ಒಬ್ಬರಿಗೂ ಬದಲಿಸಿರಲಿಲ್ಲ. ಮುಂದೆ ರಿಪೇರಿಗೆ ಹೋದಾಗ ನನಗೇ ಸುಲಭವಾಗಲಿ ಎಂದು ಹಾಗೇ ಬಿಟ್ಟಿದ್ದೆ. ಆ ತಪ್ಪು ಚೀನಾದ್ದಲ್ಲ, ನನ್ನದು. ಬೈಕು ಹತ್ತಿ ಹೊರಟೆ. ಕಂಪ್ಲಿಯ ಗಿರಣಿಯಲ್ಲಿ ಪೆಟ್ಟಿಗೆಯ ಮೇಲೆ ಬೆರಳುದ್ದ ತೌಡು ಕೂತಿತ್ತು. ಸಂಡೂರಿನಲ್ಲಿ ಗಾಳಿಕಿಂಡಿಯ ತುಂಬ ಕೆಂಪು ಧೂಳು. ಒರೆಸಿ, ಗುಂಡುಸೂಜಿಯಿಂದ ರಿಸೆಟ್ ಒತ್ತಿ, ಹೊಸ ಬೀಗ ಹಾಕಿ ಮುಗಿಸಲು ಹನ್ನೊಂದು ದಿನ ಹಿಡಿಯಿತು.

ಸರ್ಕಾರವೂ ಸುಮ್ಮನೆ ಕೂತಿಲ್ಲ. ಹೊರದೇಶದ ಕಂಪನಿಗಳು ತಮ್ಮ ಯಂತ್ರದೊಳಗಿನ ಮೂಲ ಕೋಡನ್ನು ಪರೀಕ್ಷೆಗೆ ಒದಗಿಸಬೇಕೆಂದು 2010ರಲ್ಲೇ ಶರತ್ತು ಹಾಕಿತ್ತು. ಕಂಪನಿಗಳು ಆಕ್ಷೇಪ ಎತ್ತಿದವು, ಅದು ಸಡಿಲವಾಯಿತು. 2021ರ ಜೂನ್ 15ರಿಂದ ದೂರಸಂಪರ್ಕ ಕಂಪನಿಗಳು ತಮ್ಮ ಜಾಲಕ್ಕೆ 'ವಿಶ್ವಾಸಾರ್ಹ ಮೂಲ'ದ ಯಂತ್ರಗಳನ್ನೇ ಜೋಡಿಸಬೇಕೆಂಬ ನಿಯಮ ಬಂತು. ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಸಂವಹನ ಭದ್ರತಾ ಕೇಂದ್ರ ಮನೆಯ ವೈಫೈ ಪೆಟ್ಟಿಗೆಗೂ ಭದ್ರತಾ ಮಾನದಂಡ ಬರೆದಿದೆ. ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ಕುದುರೆ ಕೊಳ್ಳುವವನು ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದ. ರೂಟರ್‌ಗೆ ಹಲ್ಲಿಲ್ಲ, ಒಳಗೆ ನೋಡುವ ವಿದ್ಯೆಯನ್ನು ಯಾರಾದರೂ ನಮ್ಮ ನೆಲದಲ್ಲೇ ಕಲಿತಿರಬೇಕು.

ಕಲಿತ ಉದಾಹರಣೆಗಳೂ ನಮ್ಮಲ್ಲೇ ಇವೆ. ವಿಜಯನಗರದ ಮೊದಲ ಕಾಲದಲ್ಲೇ ಅಭಿನವಚಂದ್ರ ಕನ್ನಡದಲ್ಲಿ 'ಅಶ್ವವೈದ್ಯ' ಬರೆದ. ಪರದೇಶದ ಪ್ರಾಣಿಯ ರೋಗಕ್ಕೆ ಕನ್ನಡದಲ್ಲಿ ಮದ್ದು! 1986ರಲ್ಲಿ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನವರು 128 ಲೈನಿನ ಟೆಲಿಫೋನ್ ಎಕ್ಸ್‌ಚೇಂಜನ್ನು ತಾವೇ ರೂಪಿಸಿ ಮೊದಲು ಕೂರಿಸಿದ್ದು ಕಿತ್ತೂರಿನಲ್ಲಿ. ಹವಾನಿಯಂತ್ರಣ ಬೇಡ, ಹಳ್ಳಿಯ ಸೆಕೆ, ಧೂಳು ತಡೆಯಬೇಕು ಎಂದೇ ಮಾಡಿದ ಯಂತ್ರ. ಒಳಗೆ ಏನಿದೆ ಎಂಬುದು ಮಾಡಿದವರಿಗೆ ಗೊತ್ತಿತ್ತು, ಮಾಡಿದವರು ಇಲ್ಲೇ ಇದ್ದರು. ಮೇಲಿನ ಪೆಟ್ಟಿಗೆಗೆ 'ಭಾರತದಲ್ಲಿ ತಯಾರಿಸಿದ್ದು' ಎಂಬ ಚೀಟಿ ಅಂಟಿಸಿ, ಒಳಗಿನ ಚಿಪ್ಪನ್ನೂ ಸಾಫ್ಟ್‌ವೇರನ್ನೂ ಹೊರಗಿನಿಂದ ತಂದರೆ ಆ ನಿಶ್ಚಿಂತೆ ಸಿಗುವುದಿಲ್ಲ.

ಮೊನ್ನೆ ಸಂಡೂರಿನ ಒಂದು ಮನೆಗೆ ಹೋಗಿದ್ದೆ. ಗಂಡ ಹೆಂಡತಿ ಇಬ್ಬರಿಗೂ ರೂಟರ್ ಎಸೆಯುವುದೋ ಇಟ್ಟುಕೊಳ್ಳುವುದೋ ಎಂಬ ಯೋಚನೆ. ಅವರ ಮಗಳು, ಪಿಯುಸಿ ಓದುವ ಹುಡುಗಿ, ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತಳು. ಬ್ರೌಸರ್‌ನಲ್ಲಿ 192.168.1.1 ಹೊಡೆಯುವುದು, ಒಳಗೆ ಹೋಗುವುದು, ಹೊರಗಿನಿಂದ ನಿಭಾಯಿಸುವ ಬಾಗಿಲು ಮುಚ್ಚುವುದು ಎಲ್ಲ ತೋರಿಸಿದೆ. ಅವಳು ಇನ್ನೊಂದು ಪುಟ ತೆರೆದು, "ಮಾಮಾ, ಇಲ್ಲಿ ಫರ್ಮ್‌ವೇರ್ ಅಂತ ಐತಲ್ಲ, ಅದರ ಮುಂದ ತಾರೀಖು 2016 ಅಂತ ಐತಿ. ಆಮ್ಯಾಲೆ ಏನೂ ಬಂದೇ ಇಲ್ಲೇನು?" ಎಂದು ಕೇಳಿದಳು.

"ಇಲ್ಲವ್ವಾ, ಬಂದಿಲ್ಲ" ಅಂದೆ.

ಅವಳು ತಂದೆಯ ಮುಖ ನೋಡಿದಳು. ಎದ್ದು ಹೋಗಿ ಪ್ಲಗ್ ಕಿತ್ತಳು.