ಷಿಕಾಗೊ ನಗರ ಪಾಲಿಕೆ ಚುನಾವಣೆ: ಐವತ್ತು ವಾರ್ಡ್, ಐವತ್ತು ಸಂಸ್ಥಾನ

ಅಮೆರಿಕದ ಚುನಾವಣೆ ಎಂದೊಡನೆ ಅಧ್ಯಕ್ಷ ಪದವಿಯ ಸ್ಪರ್ಧೆ ಮಾತ್ರ ನೆನಪಿಗೆ ಬರುವುದು ಸಹಜ. ಆದರೆ ಷಿಕಾಗೊ ನಿವಾಸಿಯೊಬ್ಬನ ಬೀದಿಗೆ ಡಾಂಬರು ಬೀಳುವುದೇ, ಪಕ್ಕದ ಖಾಲಿ ನಿವೇಶನದಲ್ಲಿ ಬಹುಮಹಡಿ ಕಟ್ಟಡ ತಲೆಯೆತ್ತುವುದೇ, ಮೂಲೆಯ ಅಂಗಡಿಗೆ ಮದ್ಯ ಮಾರಾಟದ ಪರವಾನಗಿ ಸಿಗುವುದೇ ಎಂಬ ಪ್ರಶ್ನೆಗಳಿಗೆ ಉತ್ತರ ಸಿಗುವುದು ಆ ವಾರ್ಡಿನ ಪಾಲಿಕೆ ಸದಸ್ಯನ ಕಚೇರಿಯಲ್ಲಿ. ನಮ್ಮಲ್ಲಿ ಕಾರ್ಪೊರೇಟರ್ ಎನ್ನುವ ಈ ಹುದ್ದೆಗೆ ಅಲ್ಲಿ ಬಹುಕಾಲದಿಂದ ಬಂದ ಹೆಸರು ಆಲ್ಡರ್‌ಮನ್. ಇಲಿನಾಯ್ ರಾಜ್ಯದ ಕಾನೂನು 2021ರಲ್ಲಿ ಇದನ್ನು ಆಲ್ಡರ್‌ಪರ್ಸನ್ ಎಂದು ಬದಲಿಸಿತು. ಆಡುಮಾತಿನಲ್ಲಿ ಹಳೆಯ ಹೆಸರು ಇನ್ನೂ ಅಳಿದಿಲ್ಲ.

ಸ್ವಾಮಿ ವಿವೇಕಾನಂದರ 1893ರ ಭಾಷಣದಿಂದ ಕನ್ನಡಿಗರಿಗೆ ಚಿರಪರಿಚಿತವಾದ ಈ ನಗರದ ಜನಸಂಖ್ಯೆ 2020ರ ಜನಗಣತಿಯ ಪ್ರಕಾರ ಸುಮಾರು 27.46 ಲಕ್ಷ. ನಗರದಲ್ಲಿ 50 ವಾರ್ಡ್‌ಗಳಿದ್ದು, ಪ್ರತಿ ವಾರ್ಡಿಗೆ ಒಬ್ಬರೇ ಸದಸ್ಯರು. ಅಂದರೆ ಸುಮಾರು 55 ಸಾವಿರ ಜನರಿಗೆ ಒಬ್ಬ ಪ್ರತಿನಿಧಿ. 88 ಲಕ್ಷ ಜನರ ನ್ಯೂಯಾರ್ಕಿನ ಕೌನ್ಸಿಲ್‌ನಲ್ಲಿ ಇರುವುದು 51 ಸ್ಥಾನ. 39 ಲಕ್ಷ ಜನರ ಲಾಸ್ ಏಂಜಲೀಸಿನಲ್ಲಿ ಕೇವಲ 15. ಅಲ್ಲಿ ಒಬ್ಬ ಸದಸ್ಯನ ಪಾಲಿಗೆ ಬರುವವರು ಎರಡೂವರೆ ಲಕ್ಷಕ್ಕೂ ಹೆಚ್ಚು ಜನ. ಷಿಕಾಗೊದ ಆಲ್ಡರ್‌ಮನ್ ಜನರಿಗೆ ಇಷ್ಟು ಹತ್ತಿರದಲ್ಲಿರುವುದೇ ಅವನ ಬಲ. ಅವನ ಮೇಲಿನ ಆರೋಪಗಳ ಮೂಲವೂ ಅದೇ.

1923ಕ್ಕೆ ಮೊದಲು 35 ವಾರ್ಡ್‌ಗಳಿದ್ದು, ಒಂದೊಂದರಿಂದ ಇಬ್ಬರು ಆಯ್ಕೆಯಾಗುತ್ತಿದ್ದರು. ಆ ವರ್ಷ ಜಾರಿಗೆ ಬಂದ 50 ವಾರ್ಡ್‌ಗಳ ವ್ಯವಸ್ಥೆ ಇಂದಿಗೂ ಮುಂದುವರಿದಿದೆ. ಸದಸ್ಯರ ಅವಧಿ ನಾಲ್ಕು ವರ್ಷ.

ಬರೆಯದ ಕಾನೂನು

ಪಾಲಿಕೆಯ ನಿಯಮಾವಳಿಯಲ್ಲಿ ಎಲ್ಲಿಯೂ ಸ್ಪಷ್ಟವಾಗಿ ನಮೂದಾಗದ ಒಂದು ಸಂಪ್ರದಾಯ ಷಿಕಾಗೊ ಕೌನ್ಸಿಲ್‌ನ ಜೀವಾಳ. ವಾರ್ಡಿಗೆ ಸಂಬಂಧಿಸಿದ ಭೂಬಳಕೆ ಬದಲಾವಣೆ, ಪರವಾನಗಿ, ಪಾದಚಾರಿ ಮಾರ್ಗದ ಮೇಲಿನ ಫಲಕ ಇತ್ಯಾದಿ ವಿಷಯಗಳಲ್ಲಿ ಆ ವಾರ್ಡಿನ ಸದಸ್ಯ ಹೇಳಿದ್ದನ್ನು ಉಳಿದ 49 ಮಂದಿ ಪ್ರಶ್ನಿಸದೆ ಒಪ್ಪುತ್ತಾರೆ. ‘ನನ್ನ ವಾರ್ಡಿಗೆ ನೀವು ಬರಬೇಡಿ, ನಿಮ್ಮ ವಾರ್ಡಿಗೆ ನಾನು ಬರುವುದಿಲ್ಲ’ ಎಂಬ ಪರಸ್ಪರ ಒಪ್ಪಂದವಿದು. ಇದರ ಜೊತೆಗೆ ರಸ್ತೆ, ಬೀದಿದೀಪ, ಕಾಲುದಾರಿಗಳ ಕಾಮಗಾರಿಗೆಂದು ಪ್ರತಿ ವಾರ್ಡಿಗೂ ಸದಸ್ಯರು ತಮ್ಮ ವಿವೇಚನೆಯಂತೆ ಬಳಸಬಹುದಾದ ನಿಧಿಯಿದೆ. 2023ರ ಹೊತ್ತಿಗೆ ಅದರ ಮೊತ್ತ ವರ್ಷಕ್ಕೆ 15 ಲಕ್ಷ ಡಾಲರ್. ಯಾವ ಕಾಮಗಾರಿಯೆಂದು ಪಟ್ಟಿ ನೋಡಿ ಆರಿಸಬೇಕಾದ್ದರಿಂದ ಜನ ಇದನ್ನು ಹೋಟೆಲಿನ ‘ಮೆನು’ ಎಂದೇ ಕರೆಯುತ್ತಾರೆ.

ಈ ಸಂಪ್ರದಾಯದ ಕರಾಳ ಮುಖ ನ್ಯಾಯಾಲಯದ ದಾಖಲೆಗಳಲ್ಲಿದೆ. ಬಡವರಿಗಾಗಿ ಸರ್ಕಾರಿ ವಸತಿ ಕಟ್ಟುವ ನಿವೇಶನಗಳಿಗೆ ಕೌನ್ಸಿಲ್‌ನ ಒಪ್ಪಿಗೆ ಬೇಕಿತ್ತು. ಬಿಳಿಯರೇ ಹೆಚ್ಚಿದ್ದ ವಾರ್ಡ್‌ಗಳ ಸದಸ್ಯರು ತಮ್ಮಲ್ಲಿ ಅಂಥ ಕಟ್ಟಡ ಬೇಡವೆಂದರೆ ಅಲ್ಲಿಗೆ ವಿಷಯ ಮುಗಿಯುತ್ತಿತ್ತು. ಪರಿಣಾಮವಾಗಿ ವಸತಿ ಸಂಕೀರ್ಣಗಳೆಲ್ಲ ಕಪ್ಪು ಜನರ ಬಡಾವಣೆಗಳಲ್ಲೇ ಒತ್ತೊತ್ತಾಗಿ ಎದ್ದವು. ಡೊರೊಥಿ ಗೌಟ್ರೋ ಮತ್ತಿತರ ನಿವಾಸಿಗಳು 1966ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಫೆಡರಲ್ ನ್ಯಾಯಾಧೀಶ ರಿಚರ್ಡ್ ಆಸ್ಟಿನ್ 1969ರಲ್ಲಿ ತೀರ್ಪಿತ್ತು, ನಿವೇಶನಗಳ ಆಯ್ಕೆಯಲ್ಲಿ ಜನಾಂಗೀಯ ತಾರತಮ್ಯ ನಡೆದಿದೆ ಎಂದರು. ಪ್ರಕರಣ 1976ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಏರಿತು. ವಾರ್ಡಿನ ಚುನಾವಣೆಯಲ್ಲಿ ಯಾರು ಗೆಲ್ಲುತ್ತಾರೆ ಎಂಬುದು ಚರಂಡಿ ದುರಸ್ತಿಗೆ ಸೀಮಿತವಾದ ಪ್ರಶ್ನೆಯಲ್ಲ ಎಂಬುದಕ್ಕೆ ಇದಕ್ಕಿಂತ ಬಲವಾದ ನಿದರ್ಶನ ಬೇಕಿಲ್ಲ.

ಸ್ಪರ್ಧೆ ಹೇಗೆ?

ಚುನಾವಣೆ ನಡೆಯುವುದು ಅಧ್ಯಕ್ಷೀಯ ಚುನಾವಣೆಯ ಹಿಂದಿನ ವರ್ಷದ ಫೆಬ್ರುವರಿ ತಿಂಗಳ ಕೊನೆಯ ಮಂಗಳವಾರ. ಮೈ ಕೊರೆಯುವ ಚಳಿಯ ಕಾಲ. ಮೇಯರ್, ನಗರ ಗುಮಾಸ್ತ, ಖಜಾಂಚಿ ಹಾಗೂ 50 ಸದಸ್ಯರ ಆಯ್ಕೆಗೆ ಅಂದೇ ಮತದಾನ. ಸರಳ ಬಹುಮತ ಸಾಲದು. ಚಲಾವಣೆಯಾದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಡೆದರೆ ಮಾತ್ರ ಗೆಲುವು. ಯಾರಿಗೂ ಅಷ್ಟು ಬಾರದಿದ್ದರೆ ಮೊದಲ ಇಬ್ಬರ ನಡುವೆ ಏಪ್ರಿಲ್‌ನಲ್ಲಿ ಎರಡನೇ ಸುತ್ತು.

ಮತಪತ್ರದಲ್ಲಿ ಪಕ್ಷದ ಹೆಸರಾಗಲಿ ಚಿಹ್ನೆಯಾಗಲಿ ಇರುವುದಿಲ್ಲ. ಕೌನ್ಸಿಲ್ ಸ್ಥಾನಗಳಿಗೆ 1920ರ ದಶಕದಿಂದಲೂ ಇದೇ ಪದ್ಧತಿ. ಮೇಯರ್ ಸ್ಥಾನಕ್ಕೆ ಅನ್ವಯವಾದದ್ದು 1999ರ ಚುನಾವಣೆಯಿಂದ. ಹಾಗೆಂದು ರಾಜಕೀಯ ಪಕ್ಷ ಮಾಯವಾಗಿದೆ ಎಂದು ಭಾವಿಸುವಂತಿಲ್ಲ. ಗೆಲ್ಲುವವರಲ್ಲಿ ಬಹುತೇಕ ಎಲ್ಲರೂ ಡೆಮಾಕ್ರಟಿಕ್ ಪಕ್ಷದವರೇ. ಕಾದಾಟವೇನಿದ್ದರೂ ಒಂದೇ ಮನೆಯ ದಾಯಾದಿಗಳ ನಡುವೆ.

ಅಭ್ಯರ್ಥಿ ಕನಿಷ್ಠ ಒಂದು ವರ್ಷದಿಂದ ಆ ವಾರ್ಡಿನ ನಿವಾಸಿಯಾಗಿರಬೇಕು. 2023ರ ಚುನಾವಣೆಯಲ್ಲಿ ನಾಮಪತ್ರದೊಂದಿಗೆ ವಾರ್ಡಿನ 473 ಮತದಾರರ ಸಹಿ ಸಲ್ಲಿಸಬೇಕಿತ್ತು. ಸಂಖ್ಯೆ ಸಣ್ಣದೆನಿಸಿದರೂ ಅನೇಕರ ಕನಸು ಇಲ್ಲಿಯೇ ಮುಗಿಯುತ್ತದೆ. ಎದುರಾಳಿಯ ವಕೀಲರು ಒಂದೊಂದೇ ಸಹಿಯನ್ನು ಪರಿಶೀಲಿಸಿ, ವಿಳಾಸ ತಪ್ಪು, ಕೈಬರಹ ಹೊಂದುವುದಿಲ್ಲ ಎಂದು ಚುನಾವಣಾ ಮಂಡಳಿಯ ಮುಂದೆ ಆಕ್ಷೇಪ ಎತ್ತುತ್ತಾರೆ. ಪ್ರಚಾರ ಆರಂಭವಾಗುವ ಮುನ್ನವೇ ಪ್ರತಿಸ್ಪರ್ಧಿಯನ್ನು ಕಣದಿಂದ ಹೊರದೂಡುವ ಈ ವಿದ್ಯೆಯಲ್ಲಿ ಷಿಕಾಗೊ ಪಳಗಿದ ಊರು. ನಗರ ಪಾಲಿಕೆಯ ಚುನಾವಣೆಯಲ್ಲದಿದ್ದರೂ, ಬರಾಕ್ ಒಬಾಮ 1996ರಲ್ಲಿ ಇಲಿನಾಯ್ ಸೆನೆಟ್ಟಿಗೆ ಮೊದಲ ಬಾರಿ ಸ್ಪರ್ಧಿಸಿದಾಗ ಎದುರಾಳಿಗಳ ಸಹಿಗಳನ್ನು ಪ್ರಶ್ನಿಸಿ, ಪಕ್ಷದೊಳಗಿನ ಸ್ಪರ್ಧೆಯಲ್ಲಿ ಏಕಾಂಗಿಯಾಗಿ ಉಳಿದದ್ದು ಇದೇ ನಗರದಲ್ಲಿ.

ಇಷ್ಟೆಲ್ಲ ಇದ್ದರೂ ಮತದಾರರ ಉತ್ಸಾಹ ಅಷ್ಟಕ್ಕಷ್ಟೆ. 2019ರ ಫೆಬ್ರುವರಿಯಲ್ಲಿ ಮತ ಚಲಾಯಿಸಿದವರು ಸುಮಾರು ಶೇ 35, 2023ರಲ್ಲಿ ಸುಮಾರು ಶೇ 36. 1983ರ ಏಪ್ರಿಲ್‌ನಲ್ಲಿ ಇದೇ ನಗರ ಶೇ 82ರಷ್ಟು ಮತದಾನ ಕಂಡಿತ್ತು.

ಏಳು ವಾರ್ಡ್‌ಗಳು ಬದಲಿಸಿದ ನಗರ

1983ರ ಆ ಚುನಾವಣೆಯಲ್ಲಿ ಹೆರಾಲ್ಡ್ ವಾಷಿಂಗ್ಟನ್ ಷಿಕಾಗೊದ ಮೊದಲ ಕಪ್ಪು ಮೇಯರ್ ಆಗಿ ಆಯ್ಕೆಯಾದರು. ಪಕ್ಷದ ಪ್ರಾಥಮಿಕ ಸ್ಪರ್ಧೆಯಲ್ಲಿ ಅವರು ಸೋಲಿಸಿದ್ದು ಅಂದಿನ ಮೇಯರ್ ಜೇನ್ ಬರ್ನ್ ಮತ್ತು ಹಿರಿಯ ಡೇಲಿಯ ಪುತ್ರ ರಿಚರ್ಡ್ ಎಂ. ಡೇಲಿ ಅವರನ್ನು. ಆದರೆ ಮೇಯರ್ ಗದ್ದುಗೆ ಸಿಕ್ಕಿದ ಮಾತ್ರಕ್ಕೆ ಆಡಳಿತ ಕೈಗೆ ಬರಲಿಲ್ಲ. ಕೌನ್ಸಿಲ್‌ನ 29 ಸದಸ್ಯರು 10ನೇ ವಾರ್ಡಿನ ಎಡ್ವರ್ಡ್ ವರ್ಡೋಲಿಯಾಕ್ ಹಾಗೂ 14ನೇ ವಾರ್ಡಿನ ಎಡ್ವರ್ಡ್ ಬರ್ಕ್ ನೇತೃತ್ವದಲ್ಲಿ ಒಂದಾಗಿ, ಸ್ಥಾಯಿ ಸಮಿತಿಗಳನ್ನೆಲ್ಲ ವಶಪಡಿಸಿಕೊಂಡರು. ಮೇಯರ್ ಪರ ಉಳಿದವರು 21 ಮಂದಿ. ವಾಷಿಂಗ್ಟನ್ ಸೂಚಿಸಿದ ನೇಮಕಗಳು ತಿಂಗಳುಗಟ್ಟಲೆ ಕೊಳೆತವು. 29ರ ಗುಂಪು ಅಂಗೀಕರಿಸಿದ ನಿರ್ಣಯಗಳನ್ನು ಮೇಯರ್ ತಿರಸ್ಕರಿಸುತ್ತಿದ್ದರು. ತಿರಸ್ಕಾರವನ್ನು ಮೀರಲು 34 ಮತ ಬೇಕು. ಅಷ್ಟು ಬಲ ಆ ಗುಂಪಿಗಿರಲಿಲ್ಲ. ಹೀಗೆ ಎರಡೂ ಕಡೆ ಹಗ್ಗಜಗ್ಗಾಟ. ಆ ಕಾಲದ ಜನಪ್ರಿಯ ಚಲನಚಿತ್ರ ‘ಸ್ಟಾರ್ ವಾರ್ಸ್’ ಹೆಸರನ್ನು ತಿರುಚಿ ಹಾಸ್ಯಗಾರ ಆರನ್ ಫ್ರೀಮನ್ ಇಟ್ಟ ‘ಕೌನ್ಸಿಲ್ ವಾರ್ಸ್’ ಎಂಬ ಹೆಸರೇ ಇತಿಹಾಸದಲ್ಲಿ ನಿಂತಿತು.

ಬಿಕ್ಕಟ್ಟು ಬಿಡಿಸಿದ್ದು ಸಂಧಾನವಲ್ಲ, ಭೂಪಟ. 1980ರ ಜನಗಣತಿಯ ನಂತರ ರಚಿಸಿದ ವಾರ್ಡ್ ಗಡಿಗಳು ಕಪ್ಪು ಮತ್ತು ಲ್ಯಾಟಿನೊ ಮತದಾರರ ಬಲವನ್ನು ಕುಗ್ಗಿಸುವಂತಿವೆ ಎಂಬ ದೂರು ಫೆಡರಲ್ ನ್ಯಾಯಾಲಯದಲ್ಲಿತ್ತು. ನ್ಯಾಯಾಲಯ ಗಡಿಗಳನ್ನು ತಿದ್ದಿಸಿ, ಏಳು ವಾರ್ಡ್‌ಗಳಲ್ಲಿ ವಿಶೇಷ ಚುನಾವಣೆಗೆ ಆದೇಶಿಸಿತು. 1986ರ ಮಾರ್ಚ್ 18ರಂದು ಮತದಾನ ನಡೆದಾಗ ಮೇಯರ್ ಬಣ ಎರಡು ಸ್ಥಾನ ಕಸಿದುಕೊಂಡಿತು. ಆ ಪೈಕಿ 22ನೇ ವಾರ್ಡಿನಲ್ಲಿ ಗೆದ್ದವರು ಮುಂದೆ ಅಮೆರಿಕದ ಸಂಸತ್ತಿಗೆ ಹೋದ ಹೆಸೂಸ್ ಗಾರ್ಸಿಯಾ. ಇನ್ನೆರಡು ವಾರ್ಡ್‌ಗಳ ತೀರ್ಮಾನ ಏಪ್ರಿಲ್ 29ರ ಎರಡನೇ ಸುತ್ತಿಗೆ ಉಳಿಯಿತು. 15ನೇ ವಾರ್ಡಿನಲ್ಲಿ ಮಾರ್ಲಿನ್ ಕಾರ್ಟರ್, 26ನೇ ವಾರ್ಡಿನಲ್ಲಿ ಲೂಯಿಸ್ ಗುಟಿಯೆರೆಸ್ ಗೆದ್ದರು. ಬಲಾಬಲ 25–25. ಸಮಬಲವಾದಾಗ ನಿರ್ಣಾಯಕ ಮತ ಮೇಯರ್‌ಗೆ ಸೇರಿದ್ದು. ಮೂರು ವರ್ಷ ಕೈಕಟ್ಟಿ ಕುಳಿತಿದ್ದ ವಾಷಿಂಗ್ಟನ್ನರಿಗೆ ಒಂದೇ ರಾತ್ರಿಯಲ್ಲಿ ಅಧಿಕಾರ ಬಂತು.

ಅದನ್ನು ಅವರು ಬಹುಕಾಲ ಅನುಭವಿಸಲಿಲ್ಲ. 1987ರಲ್ಲಿ ಪುನರಾಯ್ಕೆಯಾದ ವಾಷಿಂಗ್ಟನ್ ಅದೇ ನವೆಂಬರ್ 25ರಂದು ಕಚೇರಿಯಲ್ಲೇ ಹೃದಯಾಘಾತಕ್ಕೀಡಾಗಿ ನಿಧನರಾದರು. ಡಿಸೆಂಬರ್ 2ರ ನಸುಕಿನವರೆಗೂ ನಡೆದ ಗದ್ದಲದ ಸಭೆಯಲ್ಲಿ ಕೌನ್ಸಿಲ್ ಯೂಜೀನ್ ಸಾಯರ್ ಅವರನ್ನು ಹಂಗಾಮಿ ಮೇಯರ್ ಆಗಿ ಆರಿಸಿತು. 1989ರಲ್ಲಿ ಕಿರಿಯ ಡೇಲಿಯ 22 ವರ್ಷಗಳ ಆಳ್ವಿಕೆ ಆರಂಭವಾಯಿತು.

ಗೆರೆ ಎಳೆಯುವವರು

ಹತ್ತು ವರ್ಷಕ್ಕೊಮ್ಮೆ ವಾರ್ಡ್ ಗಡಿಗಳನ್ನು ಮರುವಿಂಗಡಿಸುವ ಅಧಿಕಾರ ಇಂದಿಗೂ ಸದಸ್ಯರ ಕೈಯಲ್ಲೇ ಇದೆ. ಮತದಾರರು ಸದಸ್ಯರನ್ನು ಆರಿಸುವ ಮೊದಲು ಸದಸ್ಯರೇ ಮತದಾರರನ್ನು ಆರಿಸಿಕೊಳ್ಳುತ್ತಾರೆ ಎಂಬ ಟೀಕೆಗೆ ಆಧಾರವಿಲ್ಲದಿಲ್ಲ. 2012ರ ನಕ್ಷೆಯಲ್ಲಿ 2ನೇ ವಾರ್ಡನ್ನು ಅದರ ಹಳೆಯ ನೆಲೆಯಿಂದ ಎತ್ತಿ ನಗರದ ಉತ್ತರ ಭಾಗದಲ್ಲಿ ಇರಿಸಲಾಯಿತು. ಮೇಯರ್ ಜೊತೆ ಸರಿಹೊಂದದ ಸದಸ್ಯ ಬಾಬ್ ಫಿಯೊರೆಟ್ಟಿ ತಮ್ಮ ವಾರ್ಡಿನಿಂದಲೇ ಹೊರಗುಳಿದರು. ನಕ್ಷೆಗೆ 41 ಸದಸ್ಯರ ಬೆಂಬಲ ದೊರೆಯದಿದ್ದರೆ ಜನಮತಗಣನೆಗೆ ಅವಕಾಶವಿದೆ. 2022ರಲ್ಲಿ ಕಪ್ಪು ಮತ್ತು ಲ್ಯಾಟಿನೊ ಸದಸ್ಯರ ನಡುವಿನ ಜಟಾಪಟಿ ಆ ಹಂತದ ಸಮೀಪಕ್ಕೆ ಹೋಗಿ, ಮೇ ತಿಂಗಳಲ್ಲಿ ರಾಜಿಯಲ್ಲಿ ಮುಗಿಯಿತು. ಆ ನಕ್ಷೆಯಲ್ಲಿ ಡೇಲಿ ಮನೆತನದ ತವರಾದ 11ನೇ ವಾರ್ಡ್, ಏಷ್ಯಾ ಮೂಲದವರು ಬಹುಸಂಖ್ಯಾತರಾದ ನಗರದ ಮೊದಲ ವಾರ್ಡ್ ಆಯಿತು.

ಅವಧಿಯ ನಡುವೆ ಸ್ಥಾನ ತೆರವಾದರೆ ಮೇಯರ್ ಬೇರೊಬ್ಬರನ್ನು ನೇಮಿಸುತ್ತಾರೆ, ಕೌನ್ಸಿಲ್ ಒಪ್ಪುತ್ತದೆ. ಮುಂದಿನ ಚುನಾವಣೆಗೆ ಅವರು ಹಾಲಿ ಸದಸ್ಯರಾಗಿಯೇ ಕಣಕ್ಕಿಳಿಯುತ್ತಾರೆ. ಕಿರಿಯ ಡೇಲಿ ಹೀಗೆ ಹಲವರನ್ನು ನೇಮಿಸಿದ್ದರು. ಅಂಥ ಕೌನ್ಸಿಲ್ ಮೇಯರ್ ಎದುರು ನಿಲ್ಲುವುದು ಕಷ್ಟ. 2008ರ ಡಿಸೆಂಬರ್‌ನಲ್ಲಿ ನಗರದ ವಾಹನ ನಿಲುಗಡೆ ಮೀಟರ್‌ಗಳನ್ನು 75 ವರ್ಷಗಳ ಕಾಲ ಖಾಸಗಿಯವರಿಗೆ ಸುಮಾರು 115 ಕೋಟಿ ಡಾಲರ್‌ಗೆ ಗುತ್ತಿಗೆ ನೀಡುವ ಪ್ರಸ್ತಾವ, ಪ್ರಕಟವಾದ ಎರಡೇ ದಿನಗಳಲ್ಲಿ 40–5 ಮತಗಳಿಂದ ಅಂಗೀಕಾರವಾಯಿತು. ನಗರಕ್ಕೆ 97 ಕೋಟಿ ಡಾಲರ್‌ಗೂ ಹೆಚ್ಚು ಕಡಿಮೆ ಹಣ ಬಂದಿದೆ ಎಂದು ಪಾಲಿಕೆಯ ತನಿಖಾಧಿಕಾರಿ 2009ರಲ್ಲಿ ವರದಿ ಮಾಡಿದರು. ಒಪ್ಪಂದವನ್ನು ರದ್ದುಪಡಿಸುವುದು ನಂತರ ಬಂದ ಯಾವ ಕೌನ್ಸಿಲ್‌ನಿಂದಲೂ ಆಗಲಿಲ್ಲ.

ಜೈಲಿನ ದಾರಿ

1970ರ ದಶಕದಿಂದೀಚೆಗೆ 30ಕ್ಕೂ ಹೆಚ್ಚು ಹಾಲಿ ಮತ್ತು ಮಾಜಿ ಸದಸ್ಯರು ನಾನಾ ಅಪರಾಧಗಳಿಗಾಗಿ ಶಿಕ್ಷೆಗೊಳಗಾಗಿದ್ದಾರೆ. 1986ರಲ್ಲಿ ಮೇಯರ್ ಬಣಕ್ಕೆ ಬಲ ತಂದವರಲ್ಲಿ ಒಬ್ಬರಾದ 37ನೇ ವಾರ್ಡಿನ ಪರ್ಸಿ ಜೈಲ್ಸ್ 1999ರಲ್ಲಿ ಲಂಚದ ಪ್ರಕರಣದಲ್ಲಿ ದೋಷಿಯಾದರು. ಸುಧಾರಣೆಯ ಪಾಳಯವೂ ಇದಕ್ಕೆ ಹೊರತಾಗಿರಲಿಲ್ಲ. ಆದರೆ ದೊಡ್ಡ ಹೆಸರು ಎಡ್ವರ್ಡ್ ಬರ್ಕ್ ಅವರದು. 1969ರಿಂದ 2023ರವರೆಗೆ, 54 ವರ್ಷ ಅವರು ಸದಸ್ಯರಾಗಿದ್ದರು. ದೀರ್ಘಕಾಲ ಹಣಕಾಸು ಸಮಿತಿಯ ಅಧ್ಯಕ್ಷರೂ ಹೌದು. ಸದಸ್ಯರು ಬೇರೆ ವೃತ್ತಿ ಮಾಡುವುದಕ್ಕೆ ಅಡ್ಡಿಯಿಲ್ಲದ ಕಾರಣ ಆಸ್ತಿ ತೆರಿಗೆ ಕಡಿತಗೊಳಿಸಿಕೊಡುವ ವಕೀಲಿಕೆಯನ್ನೂ ನಡೆಸುತ್ತಿದ್ದರು. ಪರವಾನಗಿಗಾಗಿ ಬಂದವರನ್ನು ತಮ್ಮ ವಕೀಲ ಸಂಸ್ಥೆಯ ಕಕ್ಷಿದಾರರಾಗುವಂತೆ ಒತ್ತಾಯಿಸಿದರು ಎಂಬುದು ಆರೋಪದ ತಿರುಳು.

2019ರ ಜನವರಿಯಲ್ಲಿ ಫೆಡರಲ್ ತನಿಖಾಧಿಕಾರಿಗಳು ಆರೋಪ ಹೊರಿಸಿದರು. ಮರು ತಿಂಗಳೇ ಚುನಾವಣೆ. 14ನೇ ವಾರ್ಡಿನ ಮತದಾರರು ಬರ್ಕ್ ಅವರನ್ನು ಮೊದಲ ಸುತ್ತಿನಲ್ಲೇ ಮತ್ತೆ ಗೆಲ್ಲಿಸಿದರು! ಬೀದಿಯ ಹಿಮ ತೆಗೆಸುವ, ಕಸದ ಗಾಡಿ ತರಿಸುವ ಆಲ್ಡರ್‌ಮನ್‌ನ ಋಣ ದೊಡ್ಡದು. 2023ರ ಡಿಸೆಂಬರ್‌ನಲ್ಲಿ ನ್ಯಾಯಾಲಯ 14 ಆರೋಪಗಳ ಪೈಕಿ 13ರಲ್ಲಿ ಅವರನ್ನು ದೋಷಿಯೆಂದು ಘೋಷಿಸಿತು. 2024ರ ಜೂನ್‌ನಲ್ಲಿ ಎರಡು ವರ್ಷ ಸೆರೆವಾಸ ಮತ್ತು 20 ಲಕ್ಷ ಡಾಲರ್ ದಂಡ ವಿಧಿಸಲಾಯಿತು. ಈ ನಡುವೆ, 2019ರಲ್ಲಿ ಮೇಯರ್ ಆದ ಲೋರಿ ಲೈಟ್‌ಫುಟ್ ಅಧಿಕಾರ ವಹಿಸಿಕೊಂಡ ದಿನವೇ ಇಲಾಖೆಗಳ ಮಟ್ಟದಲ್ಲಿ ಸದಸ್ಯರ ವಿಶೇಷಾಧಿಕಾರವನ್ನು ಮೊಟಕುಗೊಳಿಸುವ ಆದೇಶ ಹೊರಡಿಸಿದರು. ಭೂಬಳಕೆ ಬದಲಾವಣೆಯ ವಿಷಯದಲ್ಲಿ ಹಳೆಯ ಸಂಪ್ರದಾಯವನ್ನು ಮುರಿಯುವುದು ಅವರಿಗೂ ಸಾಧ್ಯವಾಗಲಿಲ್ಲ.

ಭಾರತೀಯರ ಹೆಜ್ಜೆ

ಭಾರತೀಯ ಅಂಗಡಿ, ಉಪಾಹಾರ ಗೃಹಗಳಿಗೆ ಹೆಸರಾದ ಡೆವನ್ ಅವೆನ್ಯೂ ಬೀದಿಯ ಒಂದು ಭಾಗಕ್ಕೆ ಗಾಂಧಿ ಮಾರ್ಗ ಎಂಬ ಗೌರವನಾಮವಿದೆ. ಈ ಪ್ರದೇಶ ಸೇರಿದ 50ನೇ ವಾರ್ಡನ್ನು 1973ರಿಂದ ಪ್ರತಿನಿಧಿಸಿದ್ದ ಬರ್ನಾರ್ಡ್ ಸ್ಟೋನ್ 2011ರ ಎರಡನೇ ಸುತ್ತಿನಲ್ಲಿ ಡೆಬ್ರಾ ಸಿಲ್ವರ್‌ಸ್ಟೀನ್ ಎದುರು ಸೋತರು. ಕೌನ್ಸಿಲ್ ಪ್ರವೇಶಿಸಿದ ಮೊದಲ ಭಾರತೀಯ ಮೂಲದ ಸದಸ್ಯ ಮಾತ್ರ ಬೇರೆ ವಾರ್ಡಿನಿಂದ ಬಂದರು. 2011ರಲ್ಲಿ 47ನೇ ವಾರ್ಡಿನಿಂದ ಆಯ್ಕೆಯಾದ ಅಮೇಯ ಪವಾರ್‌ಗೆ ಆಗ 30ರ ಹರೆಯ. ಏಷ್ಯಾ ಮೂಲದವರಲ್ಲೂ ಅವರೇ ಮೊದಲಿಗರು. ಎರಡು ಅವಧಿಗಿಂತ ಹೆಚ್ಚು ಇರುವುದಿಲ್ಲ ಎಂದು ಮಾತು ಕೊಟ್ಟಿದ್ದ ಅವರು 2019ರಲ್ಲಿ ಅದರಂತೆ ನಡೆದುಕೊಂಡರು. ಷಿಕಾಗೊ ರಾಜಕಾರಣದಲ್ಲಿ ಇದು ಅಪರೂಪ. 2011ರ ಜನಗಣತಿ ನಿರ್ಣಯದ ನಂತರ ಮತಪತ್ರಗಳು ಸ್ಪ್ಯಾನಿಷ್, ಚೀನಿ ಭಾಷೆಗಳ ಜೊತೆಗೆ ಹಿಂದಿಯಲ್ಲೂ ಲಭ್ಯವಾದವು.

2023ರ ಚುನಾವಣೆಯಲ್ಲಿ ಹಿರಿಯ ಸದಸ್ಯರು ಅನೇಕರು ಕಣದಿಂದ ಹಿಂದೆ ಸರಿದಿದ್ದರು. ಲೈಟ್‌ಫುಟ್ ಮೊದಲ ಸುತ್ತಿನಲ್ಲೇ ಸೋತು, ಏಪ್ರಿಲ್ 4ರಂದು ಬ್ರ್ಯಾಂಡನ್ ಜಾನ್ಸನ್ ಅವರು ಪಾಲ್ ವಾಲಸ್ ವಿರುದ್ಧ ಜಯಗಳಿಸಿದರು. ಅಂದೇ 14 ವಾರ್ಡ್‌ಗಳಲ್ಲಿ ಸದಸ್ಯರ ಆಯ್ಕೆಗೂ ಎರಡನೇ ಸುತ್ತು ನಡೆಯಿತು. 2022ರಲ್ಲಿ ನೇಮಕಗೊಂಡಿದ್ದ ಕೌನ್ಸಿಲ್‌ನ ಮೊದಲ ಚೀನಿ ಮೂಲದ ಸದಸ್ಯೆ ನಿಕೋಲ್ ಲೀ, 11ನೇ ವಾರ್ಡಿನಲ್ಲಿ ಆಗ ಮತದಾರರ ಒಪ್ಪಿಗೆ ಪಡೆದರು. ಮುಂದಿನ ಚುನಾವಣೆಗೆ ಕಾನೂನಿನ ಪ್ರಕಾರ ಗೊತ್ತಾದ ದಿನ 2027ರ ಫೆಬ್ರುವರಿ 23; ಎರಡನೇ ಸುತ್ತು ಏಪ್ರಿಲ್ 6ರಂದು.