ಜೆಂಕಿನ್ಸ್ ಪ್ಲಗಿನ್ ದೋಷ
ಹೊರಗಿನವರು ಬರೆದ ಪ್ಲಗಿನ್‌ನಿಂದಾಗಿ ಜೆಂಕಿನ್ಸ್ ಸರ್ವರ್ ಕುಸಿಯುವುದು ಅಥವಾ ಚಾಲೂ ಆಗದಿರುವುದು. ಸಾಫ್ಟ್‌ವೇರ್ ಬಿಲ್ಡ್ ಮತ್ತು ಪರೀಕ್ಷೆಗಳನ್ನು ತಾನಾಗಿ ನಡೆಸುವ ಈ ತಂತ್ರಾಂಶವನ್ನು, ಸ್ಯಾನ್ ಹೊಸೆ ಪಕ್ಕದ ಸಾಂತಾ ಕ್ಲಾರಾದ ಸನ್ ಮೈಕ್ರೋಸಿಸ್ಟಮ್ಸ್‌ ಕಂಪನಿಯಲ್ಲಿದ್ದ ಕೊಹ್ಸುಕೆ ಕವಾಗುಚಿ 2004ರಲ್ಲಿ ‘ಹಡ್ಸನ್’ ಹೆಸರಿನಲ್ಲಿ ಆರಂಭಿಸಿದರು. ಈಗಿನ ಹೆಸರು ಬಂದದ್ದು 2011ರಲ್ಲಿ.

ಕಾರಣ: ಪ್ಲಗಿನ್‌ಗಳು ಮುಖ್ಯ ಸರ್ವರ್‌ನ ಜಾವಾ ಪ್ರೊಸೆಸ್‌ನೊಳಗೇ ಓಡುತ್ತವೆ. ಒಂದು ಪ್ಲಗಿನ್ ಮೆಮೊರಿ ಕಬಳಿಸಿದರೂ ಇಡೀ ಸರ್ವರ್ ಸ್ಥಗಿತಗೊಳ್ಳಬಹುದು.

ಪರಿಹಾರ: ಲಾಗ್‌ನ ಸ್ಟ್ಯಾಕ್ ಟ್ರೇಸ್‌ನಲ್ಲಿ ಪದೇ ಪದೇ ಕಾಣುವ ಪ್ಯಾಕೇಜ್ ಹೆಸರೇ ಮೊದಲ ಸುಳಿವು. ವೆಬ್ ಪುಟ ತೆರೆಯದಿದ್ದರೆ, ಪ್ಲಗಿನ್ಸ್ ಫೋಲ್ಡರ್‌ನಲ್ಲಿ ಆ ಪ್ಲಗಿನ್ ಫೈಲ್‌ನ ಪೂರ್ಣ ಹೆಸರಿನ ಕೊನೆಗೆ ‘.ಡಿಸೇಬಲ್ಡ್’ ಸೇರಿಸಿದ ಖಾಲಿ ಫೈಲ್ ಇಟ್ಟು ರೀಸ್ಟಾರ್ಟ್ ಮಾಡಬೇಕು. ಆಗ ಅದು ಲೋಡ್ ಆಗದು. ಅದನ್ನು ಕಡ್ಡಾಯವಾಗಿ ಅವಲಂಬಿಸಿದ ಬೇರೆ ಪ್ಲಗಿನ್‌ಗಳೂ ಆಗ ನಿಲ್ಲುತ್ತವೆ.