ಜೇಬಿನಲ್ಲಿ ಕರಗದ ಚಾಕೊಲೇಟ್

1937ರ ಏಪ್ರಿಲ್‌ನಲ್ಲಿ ಅಮೆರಿಕದ ಸೇನೆಯ ಕ್ಯಾಪ್ಟನ್ ಪಾಲ್ ಲೋಗನ್ ಪೆನ್ಸಿಲ್ವೇನಿಯಾದ ಹರ್ಷಿ ಕಂಪನಿಯ ಮುಂದೆ ಅಪರೂಪದ ಬೇಡಿಕೆಯೊಂದನ್ನಿಟ್ಟರು. ತುರ್ತು ಆಹಾರಕ್ಕೆಂದು ನಾಲ್ಕು ಔನ್ಸ್, ಅಂದರೆ ಸುಮಾರು 113 ಗ್ರಾಂ ತೂಗುವ ಚಾಕೊಲೇಟ್ ಬೇಕು. ಅದು ಬಿಸಿಲಿಗೆ ಕರಗಬಾರದು. ರುಚಿ ಬೇಯಿಸಿದ ಆಲೂಗಡ್ಡೆಗಿಂತ ಒಂಚೂರು ಮೇಲಿದ್ದರೆ ಸಾಕು. ತೀರಾ ರುಚಿಯಾದರೆ ಸೈನಿಕರು ಆಪತ್ತಿಗೆ ಮೊದಲೇ ತಿಂದು ಮುಗಿಸಿಯಾರು ಎಂಬ ಅಂಜಿಕೆ ಸೇನೆಗಿತ್ತು.

ಕಂಪನಿಯ ಮುಖ್ಯ ರಸಾಯನಶಾಸ್ತ್ರಜ್ಞ ಸ್ಯಾಮ್ ಹಿಂಕಲ್ ಚಾಕೊಲೇಟ್, ಸಕ್ಕರೆ, ಕೋಕೋ ಬೆಣ್ಣೆಗಳ ಜೊತೆ ಕೆನೆ ತೆಗೆದ ಹಾಲಿನ ಪುಡಿ ಮತ್ತು ಓಟ್ಸ್ ಹಿಟ್ಟು ಸೇರಿಸಿದರು. ಹಾಲಿನ ಪುಡಿಯಿಂದ ಪ್ರೋಟೀನ್ ಬಂತು, ಓಟ್ಸ್‌ನಿಂದ ಪಿಷ್ಟ ಮತ್ತು ನಾರು. 600 ಕ್ಯಾಲರಿಯ ಬಾರ್ ಸಿದ್ಧವಾಯಿತು. ಆದರೆ ಚಾಕೊಲೇಟಿನ ನಯ ಹೋಯಿತು.

ಚಾಕೊಲೇಟಿನ ನಯವೆಲ್ಲ ಕೋಕೋ ಬೆಣ್ಣೆಯ ಕೊಡುಗೆ. ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಈ ಕೊಬ್ಬು ಸಕ್ಕರೆ, ಕೋಕೋ ಕಣಗಳ ಸುತ್ತ ಪದರವಾಗಿ ನಿಂತು ಅವು ಒಂದರ ಮೇಲೊಂದು ಜಾರುವಂತೆ ಮಾಡುತ್ತದೆ. ಒಣಪುಡಿ ಹೆಚ್ಚಿದಷ್ಟೂ ಕೊಬ್ಬು ಆವರಿಸಬೇಕಾದ ಮೈ ಹೆಚ್ಚುತ್ತದೆ, ಪದರ ತೆಳುವಾಗುತ್ತದೆ, ಮಿಶ್ರಣ ಬಿಗಿಯುತ್ತದೆ. ಬಾಯಿಯಲ್ಲೂ ಪ್ರೋಟೀನ್ ಮತ್ತು ನಾರು ಜೊಲ್ಲನ್ನು ಹೀರಿಕೊಳ್ಳುವುದರಿಂದ ನಾಲಿಗೆ ಒಣಗಿದಂತಾಗುತ್ತದೆ.

ಕಾರ್ಖಾನೆಗೆ ಮಿಶ್ರಣದ ಈ ಬಿಗಿಯ ಬಿಸಿ ಮೊದಲು ತಟ್ಟಿತು. ಮಾಮೂಲಿ ಚಾಕೊಲೇಟ್ ತಾನಾಗಿ ಅಚ್ಚಿಗೆ ಹರಿಯುತ್ತದೆ. ಇದು ರೊಟ್ಟಿ ಹಿಟ್ಟಿನಂತೆ ಕೂತಲ್ಲೇ ಕೂತಿತು. ಮೊದಮೊದಲು ಕಾರ್ಮಿಕರು ಪ್ರತಿ ತುಂಡನ್ನೂ ನಾದಿ, ತೂಗಿ, ಕೈಯಿಂದಲೇ ಅಚ್ಚಿಗೆ ಒತ್ತಬೇಕಾಯಿತು. ಅದೇ ವರ್ಷ 90,000 ಬಾರ್‌ಗಳು ಪರೀಕ್ಷೆಗೆಂದು ಫಿಲಿಪೀನ್ಸ್, ಪನಾಮಾ ಮುಂತಾದೆಡೆಗೆ ಹೋದವು.

ಎರಡನೇ ಮಹಾಯುದ್ಧದಲ್ಲಿ ‘ಡಿ ರೇಷನ್’ ಎಂಬ ಹೆಸರಿನ ಈ ಬಾರ್ ಸೈನಿಕರ ಹಲ್ಲು ಪರೀಕ್ಷಿಸಿತು. ಸುಮಾರು ಅರ್ಧ ಗಂಟೆ ಹೊತ್ತು ನಿಧಾನವಾಗಿ ತಿನ್ನಬೇಕು ಅಥವಾ ನೀರಿನಲ್ಲಿ ಕದಡಿ ಕುಡಿಯಬೇಕು ಎಂಬುದು ಸೂಚನೆ. ಕಚ್ಚಲಾಗದವರು ಚಾಕುವಿನಿಂದ ಹೆರೆದು ತಿಂದರು. 1943ರಲ್ಲಿ ಬಂದ ‘ಟ್ರಾಪಿಕಲ್ ಬಾರ್’ ರೂಪದಲ್ಲೂ ರುಚಿಯಲ್ಲೂ ಮಾಮೂಲಿ ಚಾಕೊಲೇಟಿಗೆ ಹತ್ತಿರವಾಗಲು ಯತ್ನಿಸಿತು. ಸುಮಾರು 49 ಡಿಗ್ರಿ ಶಾಖದಲ್ಲಿ ಒಂದು ಗಂಟೆ ಇಟ್ಟರೂ ಅದು ಆಕಾರ ಕೆಡಿಸಿಕೊಳ್ಳಲಿಲ್ಲ. ಗಡಸುತನ ಮಾತ್ರ ಉಳಿಯಿತು.

ಸೇನೆಗೆ ಬೇಕಿದ್ದ ಆ ಬಿಗಿ ಇಂದು ಪ್ರೋಟೀನ್ ಚಾಕೊಲೇಟ್ ಮಾಡುವವರಿಗೆ ತೊಡಕು. ನಾಲಿಗೆಗೆ ಮರಳಿನಂತೆ ತಾಗದಿರಲು ಅವರು ಕಣಗಳನ್ನು ಸುಮಾರು 30 ಮೈಕ್ರಾನ್‌ಗಿಂತ ಸಣ್ಣಗೆ ಅರೆಯುತ್ತಾರೆ. ಅತಿ ಸಣ್ಣಗಾದರೆ ಕಣಗಳ ಮೈ ಹೆಚ್ಚಿ ಮತ್ತೆ ಬಿಗಿಯುವುದರಿಂದ ಕೋಕೋ ಬೆಣ್ಣೆ ಹೆಚ್ಚಿಸುತ್ತಾರೆ, ಇಲ್ಲವೇ ಸೋಯಾದ ಲೆಸಿಥಿನ್ ಬೆರೆಸಿ ಮಿಶ್ರಣವನ್ನು ಸಡಿಲಿಸುತ್ತಾರೆ.